ಜನವರಿ ಒಂದರ ಮುದುಕಿಯರು

ಮುಖಕ್ಕೆ ಮಾಸ್ಕು ಬಂದದ್ದು ಗೌತಮನಿಗೆ ಒಳಗೊಳಗೇ ಹಿತವಾಗಿತ್ತು. ಉಸಿರು ಕಟ್ಟುತ್ತದೆ, ಕಿವಿ ನೋಯುತ್ತದೆ ಎಂದು ಊರೆಲ್ಲ ಬೈದುಕೊಳ್ಳುವಾಗ ಅವನು ಬೆಳಗಿನ ಐದೂವರೆಗೇ ಅದನ್ನು ಮೂಗಿನ ಮೇಲೆಳೆದುಕೊಂಡು, ತನ್ನದೇ ಉಸಿರಿನ ಬಿಸಿಯಲ್ಲಿ ಮರೆಯಾಗಿ, ರಾಯಚೂರಿನ ಆ ಎರಡಂತಸ್ತಿನ ಸೂಪರ್‌ಮಾರ್ಕೆಟ್ಟಿನ ಬಾಗಿಲಿಗೆ ನಿಲ್ಲುತ್ತಿದ್ದ. ಎಂ.ಎ. ಓದಿದವನು ಬಾಗಿಲು ಕಾಯುತ್ತಿದ್ದಾನೆಂಬುದು ಮೂಗು ಬಾಯಿ ಮುಚ್ಚಿದ ಮೇಲೆ ಯಾರಿಗೂ ಕಾಣುವಂತಿರಲಿಲ್ಲ. ಪರೀಕ್ಷೆಗಳೆಲ್ಲ ಮುಂದಕ್ಕೆ ಹೋಗಿದ್ದವು. ಎಲ್ಲರೂ ಎಲ್ಲಿದ್ದರೋ ಅಲ್ಲೇ ನಿಂತಿರುವಾಗ ತಾನೊಬ್ಬ ಹಿಂದೆ ಬಿದ್ದೆನೆಂದು ಕೊರಗಬೇಕಾಗಿರಲಿಲ್ಲ. ಇಂಥ ಸಮಾಧಾನಗಳನ್ನು ಅವನು ಮಾನ್ವಿಯ ಹಾಸ್ಟೆಲ್ಲಿನ ದಿನಗಳಿಂದಲೂ ತಯಾರಿಸಿಕೊಳ್ಳುತ್ತ ಬಂದವನು. ಒಂದೊಂದೂ ಒಂದು ವಾರ ಬಾಳಿಕೆ ಬರುತ್ತಿತ್ತು.

ಎರಡನೇ ಅಲೆಯ ಮೇ ತಿಂಗಳು ಅದು. ಅಂಗಡಿ ಆರರಿಂದ ಹತ್ತರವರೆಗೆ ಮಾತ್ರ. ಅದರಲ್ಲಿ ಮೊದಲ ತಾಸು ಅರವತ್ತು ಮೀರಿದವರಿಗೆ, ಅಂಗವಿಕಲರಿಗೆ, ದವಾಖಾನೆಯವರಿಗೆ, ಪೌರಕಾರ್ಮಿಕರಿಗೆ, ಪೊಲೀಸರಿಗೆ. ಗುರುತಿನ ಚೀಟಿ ಕಡ್ಡಾಯ. ಈ ಬೋರ್ಡನ್ನು ಬರೆದವನು ಗೌತಮನೇ. ಅವನ ಅಕ್ಷರ ದುಂಡಗಿದ್ದವು. ಬಾಗಿಲಿಗೆ ಎರಡು ಹಗ್ಗ ಕಟ್ಟಿದ್ದರು. ಬಲಗಡೆಯದು ಗಿಡ್ಡ, ನೆರಳಿನಲ್ಲಿ ಮುಗಿಯುತ್ತಿತ್ತು, ಅದರಲ್ಲಿ ಮಾರಿಗೊಂದರಂತೆ ಸುಣ್ಣದ ವೃತ್ತಗಳಿದ್ದವು. ಎಡಗಡೆಯದು ಉಳಿದವರಿಗೆ. ಅದು ಕಟ್ಟಡವನ್ನು ಬಳಸಿ ಟ್ರಾನ್ಸ್‌ಫಾರ್ಮರಿನ ತನಕ ಹೋಗುತ್ತಿತ್ತು, ಅಲ್ಲಿ ಸುಣ್ಣ ಸಾಲದೆ ವೃತ್ತಗಳಿರಲಿಲ್ಲ, ಜನ ಒಬ್ಬರ ಬೆನ್ನಿಗೆ ಒಬ್ಬರು ಹತ್ತಿಕೊಂಡು ನಿಲ್ಲುತ್ತಿದ್ದರು. ಜ್ವರ ನೋಡುವ ಪಿಸ್ತೂಲನ್ನು ಹಣೆಗೆ ಹಿಡಿಯುವುದು, ಚೀಟಿ ನೋಡುವುದು, ಬಲಕ್ಕೋ ಎಡಕ್ಕೋ ಕೈ ತೋರುವುದು: ಇಷ್ಟೇ ಅವನ ಕೆಲಸ. ಮೂರು ದಿನದ ಹಿಂದೆ ಪೋಲಿಯೋ ಕಾಲಿನ ಒಬ್ಬನನ್ನು ಸರ್ಟಿಫಿಕೇಟಿಲ್ಲದೆ ಒಳಗೆ ಬಿಟ್ಟಿದ್ದಕ್ಕೆ ಮ್ಯಾನೇಜರ್ ಪಂಪಾಪತಿ ಎಲ್ಲರೆದುರು, ದನಿ ಏರಿಸದೆ, "ಏನಪಾ, ಇದೇನು ನಿಮ್ಮ ಹಾಸ್ಟೆಲ್ ಅಂತ ತಿಳ್ಕಂಡೀಯೇನು, ಬಂದವ್ರಿಗೆಲ್ಲ ತಾಟ ಇಡಾಕ?" ಎಂದಿದ್ದ. ಸಾಲಿನಲ್ಲಿದ್ದವರು ನಕ್ಕಿದ್ದರು. ಆ ಪೋಲಿಯೋ ಕಾಲಿನವನೂ ನಕ್ಕಿದ್ದ. ಗೌತಮನಿಗೆ ಮರೆಯಲಾಗದೆ ಉಳಿದದ್ದು ಅದು. ಪಂಪಾಪತಿ ಅಕ್ಕಿ ಗಿರಣಿಯವರ ಮನೆಯವನು, ಮಾಲೀಕನ ಅಕ್ಕನ ಮಗ. ಬಿಲ್ಲಿಂಗ್ ಕೌಂಟರಿನ ಹಿಂದೆ ಕ್ಯಾಮೆರಾದ ಪರದೆ ಇಟ್ಟುಕೊಂಡು ಕೂರುತ್ತಿದ್ದ. ಇನ್ನೊಮ್ಮೆ ಹೀಗಾದರೆ ಬರಬೇಡ ಎಂದು ಹೇಳಿದ್ದೂ ಆಗಿತ್ತು. ಬರದೆ ಇದ್ದರೆ ಊರಿಗೆ ಹೋಗಬೇಕು, ಹೋಗಿ ಅವ್ವ ದುರುಗಮ್ಮನ ಎದುರು ಕೂರಬೇಕು, ಅವಳು ಏನೂ ಕೇಳದೆ ರೊಟ್ಟಿ ಬಡಿಯುತ್ತಿರಬೇಕು. ಅದನ್ನು ನೆನೆದರೇ ಅವನ ಕೈ ಪಿಸ್ತೂಲನ್ನು ಗಟ್ಟಿ ಹಿಡಿಯುತ್ತಿತ್ತು.

ಆ ಗುರುವಾರ ಮಕ್ಕಳ ಹಾಲಿನ ಪುಡಿ ಬರುವ ದಿನ. ಮೆಡಿಕಲ್ಲುಗಳಲ್ಲಿ ಎಲ್ಲೂ ಇರಲಿಲ್ಲ. ಇಲ್ಲಿಗೂ ವಾರಕ್ಕೆರಡು ಸಲ ಹನ್ನೆರಡು ಡಬ್ಬಿ ಬಂದು ಎಂಟು ಗಂಟೆಯೊಳಗೆ ಖಾಲಿಯಾಗುತ್ತಿದ್ದವು. ಆರು ಗಂಟೆಗೆ ಎಲ್ಲರಿಗಿಂತ ಮೊದಲು ಬಂದವರು ನೀಲಗಂಗಮ್ಮ. ಧಾನ್ಯದ ಗಂಜ್‌ನಲ್ಲಿ ಅಡತಿ ಅಂಗಡಿ ಇದ್ದವರ ಮನೆಯವರು, ಕಾಲಿಗೆ ಬೂಟು, ಕೂದಲಿಗೆ ಬಣ್ಣ, ನಡಿಗೆಯಲ್ಲಿ ಗೌತಮನನ್ನೇ ಹಿಂದೆ ಹಾಕುವವರು. ಕೇಳುವ ಮೊದಲೇ ಕಾರ್ಡು ತೆಗೆದು ತೋರಿಸಿದರು: ಅರವತ್ತೆರಡು. ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಬಂದಾಗ ಚೀಲದಲ್ಲಿ ಎರಡು ಡಬ್ಬಿ ಇದ್ದವು. ಮೊಮ್ಮಗನಿಗೆ ಒಂದು ಸಾಕು, ಮುಂದೆ ಸಿಗುತ್ತದೋ ಇಲ್ಲವೋ ಎಂದು ಇನ್ನೊಂದು, ಎಂದು ಅವನಿಗೆ ತಾವಾಗಿಯೇ ಹೇಳಿದರು. "ನಿಮ್ಮಂಥ ಹುಡುಗರಿಂದನ ನಡದದ ನೋಡಪಾ ಈ ಊರು," ಎಂದೂ ಅಂದರು. ಅವರಲ್ಲಿ ತಪ್ಪು ಹುಡುಕಲು ಅವನಿಗೆ ಏನೂ ಸಿಗಲಿಲ್ಲ. ತಪ್ಪಿರದವರ ಮೇಲೆ ಬರುವ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆ ಸಿಟ್ಟಿನಲ್ಲೇ ಮುಂದಿನ ಹಣೆಗೆ ಪಿಸ್ತೂಲು ಹಿಡಿದ. ಹಣೆಯ ಮೇಲೆ ಹಸಿರು ಹಚ್ಚೆಯಿತ್ತು, ಮೂರು ಚುಕ್ಕಿ, ನಡುವಿನದು ಅಳಿಸಿತ್ತು. ಆ ಅಳಿಸಿದ ಚುಕ್ಕಿಯನ್ನು ಅವನು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದ.

ಗದ್ದೆಮ್ಮ. ದೇವದುರ್ಗದ ಕಡೆಯ ಅವನ ಊರಿನಲ್ಲಿ ಅವನ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಸೆರಗನ್ನೇ ಮೂಗಿಗೆ ಸುತ್ತಿಕೊಂಡಿದ್ದಳು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಅವನಿಗೆ ಓದುವ ಅಗತ್ಯವಿರಲಿಲ್ಲ. ಆದರೂ ಓದಿದ. ಹುಟ್ಟಿದ ದಿನಾಂಕ 01/01/1967.

ಅದು ಅವನು ಎಸ್ಸೆಸ್ಸೆಲ್ಸಿ ಬರೆದು ಊರಿಗೆ ಬಂದಿದ್ದ ಬೇಸಿಗೆ. ಶಾಲೆಯಲ್ಲಿ ಆಧಾರ್ ಕ್ಯಾಂಪ್ ಹಾಕಿದ್ದರು, ಯಂತ್ರದವರಿಬ್ಬರಿಗೆ ಊರಿನವರ ಮಾತು ಪೂರಾ ತಿಳಿಯುತ್ತಿರಲಿಲ್ಲ, ಅಕ್ಷರ ಚಂದವಿದ್ದ ಹುಡುಗನನ್ನು ಕರೆದು ಅರ್ಜಿ ತುಂಬಲು ಕೂಡಿಸಿದರು. ಬೆಂಚು, ಪೆನ್ನು, ಎದುರಿಗೆ ಸಾಲು. ಹದಿನಾರು ವರ್ಷಕ್ಕೆ ಅಂಥದ್ದೊಂದು ಸಾಲು ತನ್ನೆದುರು ನಿಂತದ್ದು ತಲೆಗೇರದೆ ಇರುತ್ತದೆಯೇ. ಕೇರಿಯ ಮುದುಕಿಯರಿಗೆ ಹುಟ್ಟಿದ ದಿನ ಗೊತ್ತಿರಲಿಲ್ಲ. ರಜಾಕಾರರ ಗದ್ದಲದಾಗ ನಾನು ಅವ್ವನ ಕಂಕುಳಾಗಿದ್ದೆನಂತ, ಎಂದಿದ್ದಳು ಗದ್ದೆಮ್ಮ. ಅವನು ನಲವತ್ತೆಂಟನೇ ಇಸವಿಯಿಂದ ಬೆರಳು ಮಡಿಸಿ ಲೆಕ್ಕ ಹಾಕಿದ: ಅರವತ್ನಾಲ್ಕು. ಬರೆಯುವಷ್ಟರಲ್ಲಿ ಅವಳು ಅರ್ಜಿಯ ಮೇಲೆ ಅಂಗೈ ಇಟ್ಟಳು. ಅರವತ್ತು ದಾಟಿದವರನ್ನು ಉದ್ಯೋಗ ಖಾತ್ರಿಯಿಂದ ತೆಗೆದುಹಾಕುತ್ತಾರೆಂದು ಕೇರಿಯಲ್ಲೆಲ್ಲ ಸುದ್ದಿ. ಈ ನಂಬರು ಬಂದ ಮೇಲೆ ಯಂತ್ರವೇ ವಯಸ್ಸು ನೋಡಿ ಹೆಸರು ಹೊಡೆಯುತ್ತದಂತೆ. ಹಾಗೊಂದು ನಿಯಮ ಇರಲೇ ಇಲ್ಲ. ಅದು ಅವನಿಗೆ ತಿಳಿದದ್ದು ಹಾಸ್ಟೆಲ್ಲಿನ ಲೈಬ್ರರಿಯಲ್ಲಿ, ಎರಡು ವರ್ಷ ಕಳೆದ ಮೇಲೆ. ಅವತ್ತು ಅವನು ಸುತ್ತ ನೋಡಿ, ಯಂತ್ರದವರು ಚಹಾಕ್ಕೆ ಹೋದದ್ದನ್ನು ಕಂಡು, ಅಕ್ಷರ ಬಲ್ಲವನೊಬ್ಬ ತನ್ನವರಿಗೆ ಮಾಡಬಹುದಾದ ಉಪಕಾರ ಇದೇ ಎಂದುಕೊಂಡು, ನಲವತ್ತೈದು ಎಂದು ಬರೆದ. ಅವಳ ಹಿಂದಿದ್ದವಳಿಗೂ ನಲವತ್ತೈದು. ಅವಳ ಹಿಂದಿದ್ದವಳಿಗೂ. ಹನ್ನೊಂದು ಮಂದಿ, ಎಲ್ಲರೂ ಒಂದೇ ವರ್ಷದ ಜನವರಿ ಒಂದರಂದು ಹುಟ್ಟಿದರು. ಸಂಜೆ ಒಬ್ಬಳು ಶೇಂಗಾ ತಂದುಕೊಟ್ಟಳು, ಇನ್ನೊಬ್ಬಳು ಅವನ ಗಲ್ಲ ಸವರಿ ನೆಟಿಕೆ ಮುರಿದಳು. ಯಂತ್ರದವನು ಅರ್ಜಿಗಳನ್ನು ತಿರುವಿ ನೋಡಿ, ಅಕ್ಷರ ಮುತ್ತಿನ ಹಾಗಿವೆಯಲ್ಲೋ, ಎಂದ. ಆ ರಾತ್ರಿ ಅವನಿಗೆ ನಿದ್ದೆ ಬಂದಿರಲಿಲ್ಲ, ಸಂತೋಷಕ್ಕೆ.

"ಗೌತ್ಯಾ ಅಲ್ಲೇನು ನೀ?" ಎಂದಳು ಗದ್ದೆಮ್ಮ. "ದುರುಗವ್ವನ ಕಣ್ಣ ಹಂಗ ಅದಾವು."

ಹಿಂದೆ ನಾಲ್ಕು ಜನ ಇದ್ದರು. ಮೇಲೆ ಕ್ಯಾಮೆರಾ ಇತ್ತು. ಅವನು ಕಾರ್ಡನ್ನು ಹಿಂದಿರುಗಿಸುತ್ತ, ಪುಸ್ತಕದಲ್ಲಿದ್ದ ಹಾಗೆ, "ತಮ್ಮ ವಯಸ್ಸು ಐವತ್ನಾಲ್ಕು ಇದೆ. ದಯವಿಟ್ಟು ಎಡಗಡೆಯ ಸಾಲಿಗೆ ಹೋಗಿ," ಎಂದ. ತನ್ನ ಬಾಯಿಂದ ಆ ಭಾಷೆ ಹೊರಬಿದ್ದ ರೀತಿಗೆ ಅವನಿಗೇ ಮೈ ಜುಮ್ಮೆಂದಿತು. ಕೇರಿಯಲ್ಲಿ ಯಾರೂ ಅವನು ಹಾಗೆ ಮಾತಾಡಿದ್ದನ್ನು ಕೇಳಿರಲಿಲ್ಲ. ಅವಳು ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡಳು. ಸಿಟ್ಟು ಮಾಡಲಿಲ್ಲ. ವಿಶಾಖಾಳ ಕೂಸಿಗೆ ಪುಡಿ ಬೇಕಿತ್ತು ಎಂದಳು. ವಿಶಾಖಾ ಅವಳ ಸತ್ತ ಮಗಳ ಮಗಳು, ದವಾಖಾನೆಯಲ್ಲಿ ಕಾಂಟ್ರಾಕ್ಟ್ ನರ್ಸು, ಕೊರೋನಾ ವಾರ್ಡಿಗೆ ಹಾಕಿದ್ದಾರೆ, ಕೂಸಿಗೆ ಐದು ತಿಂಗಳು, ಮೊಲೆ ಬಿಡಿಸಿ ಹೋಗಿದ್ದಾಳೆ, ಗಂಡ ಲಾರಿ ತೆಗೆದುಕೊಂಡು ಹೋದವನು ನಾಗಪುರದಲ್ಲೇ ಸಿಕ್ಕಿಬಿದ್ದಿದ್ದಾನೆ, ಕೂಸನ್ನು ನೋಡಿಕೊಳ್ಳಲು ಊರಿನಿಂದ ಬಂದಿದ್ದೇನೆ, ಈಗ ಅದನ್ನು ಪಕ್ಕದ ಮನೆಯ ಮಹಬೂಬೀ ಕೈಗೆ ಕೊಟ್ಟು ಬಂದಿದ್ದೇನೆ. ದವಾಖಾನೆಯವರ ಪಾಸು ವಿಶಾಖಾಳ ಹೆಸರಲ್ಲಿದೆ, ಆದರೆ ಪಾಸಿನ ಹೊತ್ತಿಗೆ ಅವಳು ವಾರ್ಡಿನಲ್ಲಿರುತ್ತಾಳೆ. ಇದನ್ನೆಲ್ಲ ಅವಳು ಅವನಿಗಲ್ಲ, ಯಾರೋ ಗುರುತಿಲ್ಲದ ಕಾವಲುಗಾರನಿಗೆ ಹೇಳುವಂತೆ, ಬಹುವಚನದಲ್ಲಿ ಹೇಳಿದಳು. ಅವನು ಕೊಟ್ಟ ಭಾಷೆಗೆ ಅವಳು ಕೊಟ್ಟ ಉತ್ತರ ಅದು. ಗೌತಮ ಮತ್ತೆ ಎಡಕ್ಕೆ ಕೈ ತೋರಿದ. ಅವಳು ಹಿಂದೆ ತಿರುಗಿ ಸಾಲಿನವರಿಗೆ, "ಕೇಳಿದ್ರೇನು, ನಾ ಇನ್ನ ಹರೇದಾಕಿ ಅಂತ. ಬ್ಯಾರೆ ಮದಿವಿ ಮಾಡ್ರಿ ನನಗ," ಎಂದಳು. ಎಲ್ಲರೂ ನಕ್ಕರು. ಅವಳು ಗೋಡೆ ಹಿಡಿದುಕೊಂಡು ಮೂಲೆ ದಾಟಿ ಟ್ರಾನ್ಸ್‌ಫಾರ್ಮರಿನ ಕಡೆ ಹೋದಳು.

ಗೋಡೆ ಹಿಡಿದು ನಡೆಯುವ ಆ ಬೆನ್ನನ್ನು ಅವನು ಹಿಂದೊಮ್ಮೆ ಹಾಸ್ಟೆಲ್ಲಿನ ಗೇಟಿನಲ್ಲಿ ನೋಡಿದ್ದ. ಬಿ.ಎ. ಕೊನೆಯ ವರ್ಷ. ದೇವದುರ್ಗದ ಕಚೇರಿಯಲ್ಲಿ ಮುಪ್ಪಿನ ಪಿಂಚಣಿ ಕೊಡುವುದಿಲ್ಲವೆಂದು ಕಾರ್ಡು ತೋರಿಸಿ ಕಳಿಸಿದ್ದರಂತೆ. ಎರಡು ಬಸ್ಸು ಬದಲಿಸಿ ಮಾನ್ವಿಗೆ ಬಂದಿದ್ದಳು, ಬುತ್ತಿ ಕಟ್ಟಿಕೊಂಡು. ಲೈಬ್ರರಿಯಲ್ಲಿ ಒಂದು ಕಾದಂಬರಿಯ ಕೊನೆಯ ಮೂವತ್ತು ಪುಟ ಉಳಿದಿದ್ದವು. ಅದರಲ್ಲೊಬ್ಬ ಮುದುಕಿ ಸಾಯುತ್ತಿದ್ದಳು, ಓದುತ್ತ ಗೌತಮನ ಕಣ್ಣಿಗೆ ನೀರು ಬಂದಿತ್ತು. ವಾಚ್‌ಮನ್ ಬಂದು ಯಾರೋ ಬಂದಿದ್ದಾರೆಂದರೂ ಅವನು ಮುಗಿಸಿಯೇ ಎದ್ದ. ಅವಳು ಬಿಸಿಲಲ್ಲಿ ಒಂದು ತಾಸು ಕೂತಿದ್ದಳು. "ನೀನ ಬರದದ್ದು, ನೀನ ತಿದ್ದಪಾ," ಎಂದು ಕಾರ್ಡು ಕೊಟ್ಟಳು. ಅದು ಪೆನ್ನಿನಲ್ಲಿ ತಿದ್ದುವುದಲ್ಲ, ಡಾಕ್ಟರ ಸರ್ಟಿಫಿಕೇಟು ಬೇಕು, ರಜೆಗೆ ಬಂದಾಗ ಮಾಡಿಸೋಣ ಎಂದ. ಅಷ್ಟಕ್ಕೇ ಅವಳಿಗೆ ಸಮಾಧಾನ. "ಕೂಲಿಗಿ ಹರೇದಾಕಿ ಮಾಡಿದಿ, ಪಿಂಚಣಿಗೂ ಹರೇದಾಕಿ ಆದೆ. ಮಂಡಿಗಿ ಯಾರು ಹೇಳಬೇಕು?" ಎಂದು ನಕ್ಕು ಹೋಗಿದ್ದಳು. ರಜೆಗೆ ಊರಿಗೆ ಹೋದ, ಮಾಡಿಸಲಿಲ್ಲ. ಮರೆತನೆಂದಲ್ಲ. ಒಬ್ಬಳದನ್ನು ತಿದ್ದಿಸಿದರೆ ಉಳಿದ ಹತ್ತು ಮಂದಿಯದು ಹೊರಗೆ ಬರುತ್ತದೆ, ಯಾರು ಬರೆದದ್ದೆಂದು ಕೇಳುತ್ತಾರೆ. ಅದಕ್ಕಿಂತ ಆಚೆಗೆ, ಆ ಬೆಂಚು, ಆ ಪೆನ್ನು, ಆ ರಾತ್ರಿಯ ಸಂತೋಷ ತಪ್ಪಾಗಿತ್ತೆಂದು ಅವನು ಬರೆದುಕೊಡಬೇಕಾಗುತ್ತಿತ್ತು. ಬುತ್ತಿಯ ರೊಟ್ಟಿ ಮಾತ್ರ ತಿಂದಿದ್ದ, ಒಬ್ಬನೇ, ಬಾಗಿಲು ಹಾಕಿಕೊಂಡು. ರೂಮಿನವರು ಯಾರು ಬಂದಿದ್ದರೆಂದು ಕೇಳಿದಾಗ ಊರಿನ ಕಡೆಯವರು ಎಂದಿದ್ದ.

ಏಳಕ್ಕೆ ಬಲಗಡೆಯ ಹಗ್ಗ ಬಿಚ್ಚಿದರು. ಶೆಲ್ಫಿನಲ್ಲಿ ಡಬ್ಬಿ ಎಷ್ಟು ಉಳಿದಿವೆಯೆಂದು ಅವನಿಗೆ ಗಾಜಿನಾಚೆ ಕಾಣುತ್ತಿತ್ತು: ನಾಲ್ಕು. ಎಡಗಡೆಯ ಸಾಲು ಚಲಿಸತೊಡಗಿತು, ಹತ್ತು ಜನ ಒಳಗೆ, ಹತ್ತು ಜನ ಹೊರಗೆ. ಮೂರು. ಬಿಸಿಲು ಆಗಲೇ ಚರ್ಮ ಸುಡುತ್ತಿತ್ತು. ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು, ಒಬ್ಬರೋ ಮೂವರೋ. ಹಾಗೆ ಕೆಮ್ಮಿದವರನ್ನು ಹಣೆ ನೋಡುವವರೆಗೆ ಯಾರೂ ಹೊರಗೆ ತೆಗೆಯುವ ಹಾಗಿರಲಿಲ್ಲ. ಏಳೂವರೆಗೆ ಪಂಪಾಪತಿ ಪರದೆಯ ಮುಂದಿನಿಂದ ಎದ್ದು ಚಹಾಕ್ಕೆ ಹಿಂದಿನ ಗೋದಾಮಿಗೆ ಹೋದ. ದಿನವೂ ಹೋಗುತ್ತಿದ್ದ, ಐದು ನಿಮಿಷ, ಕೆಲವೊಮ್ಮೆ ಏಳು. ಗೌತಮ ಬೆಳಗಿನಿಂದ ಕಾದದ್ದು ಇದಕ್ಕೇ ಎಂದು ಅವನಿಗೆ ಆಗ ಗೊತ್ತಾಯಿತು. ಮೂಲೆಯ ತನಕ ಇಪ್ಪತ್ತು ಹೆಜ್ಜೆ. ಹೋಗಿ, ಬಾ ಆಯಿ, ಎಂದು ಕೈ ಹಿಡಿದು ಕರೆತಂದರೆ ಮುಗಿಯಿತು. ಒಳಗೆ ಎರಡು ಡಬ್ಬಿ ಇನ್ನೂ ಇದ್ದವು. ಆದರೆ ಆಯಿ ಎನ್ನಬೇಕಿತ್ತು, ಎಲ್ಲರ ಕಿವಿಯ ಮೇಲೆ, ಅವಳು ಬಲ್ಲ ಭಾಷೆಯಲ್ಲಿ. ತಾಸೊಂದರ ಹಿಂದೆ ತಮ್ಮ ವಯಸ್ಸು ಎಂದ ಬಾಯಿಯಲ್ಲಿ. ಅವನು ಎಡಗಾಲನ್ನು ಮುಂದಿಟ್ಟ. ಹಾಗೆಯೇ ನಿಂತ. ಮುಂದಿದ್ದವನ ಹಣೆಗೆ ಪಿಸ್ತೂಲು ಹಿಡಿದ: ತೊಂಬತ್ತೇಳು ಪಾಯಿಂಟ್ ಆರು. ಮುಂದಿನವನು. ಹೆದರಿಕೆಯೂ ಅಲ್ಲ, ನಿಯಮದ ಮೇಲಿನ ಭಕ್ತಿಯೂ ಅಲ್ಲ. ಏನೂ ಅಲ್ಲದ ಒಂದು ಜಾಡ್ಯ, ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಮೂವತ್ತು ಪುಟ ಮುಗಿಸಿದ್ದೂ ಅದೇ. ಪಂಪಾಪತಿ ಬಾಯಿ ಒರೆಸಿಕೊಳ್ಳುತ್ತ ಬಂದು ಕೂತ. ಕೊನೆಯ ಡಬ್ಬಿ ಏಳು ನಲವತ್ತಕ್ಕೆ ಹೋಯಿತು. ಅದನ್ನು ಕೊಂಡ ಹೆಂಗಸು ಅದನ್ನು ಎದೆಗೆ ಅವಚಿಕೊಂಡು ಓಡಿದಳು.

ಗದ್ದೆಮ್ಮ ಬಾಗಿಲಿಗೆ ಬಂದಾಗ ಒಂಬತ್ತು ನಲವತ್ತು. ತುಟಿ ಒಣಗಿ ಬಿರುಕು ಬಿಟ್ಟಿದ್ದವು, ಸೆರಗು ಮೂಗಿನಿಂದ ಜಾರಿತ್ತು. ಪುಡಿ ಮುಗಿದಿದೆ ಎಂದು ಅವನು ಹೇಳಿದ. ಯಾವ ಭಾಷೆಯಲ್ಲಿ ಹೇಳಿದೆನೆಂದು ಆಮೇಲೆ ಎಷ್ಟು ನೆನೆದರೂ ಅವನಿಗೆ ನೆನಪಾಗಲಿಲ್ಲ. ಅವಳು ತಲೆಯಾಡಿಸಿದಳು, ಮೊದಲೇ ಗೊತ್ತಿದ್ದವಳಂತೆ.

"ಇರ್ಲಿ ಬಿಡಪಾ. ನಿನ ಕೈಯಾಗೇನದ," ಎಂದಳು. ಆ ಏಕವಚನ ಅವನನ್ನು ಹೊಡೆದಂತಾಯಿತು. ಒಳಗೆ ಹೋಗಿ ಐದು ರೂಪಾಯಿಯ ಬಿಸ್ಕೀಟಿನ ಎರಡು ಪುಡಿಕೆ ತಂದಳು. ಬಿಸಿನೀರಿಗೆ ಅದ್ದಿ ತಿನ್ನಿಸಿದರೆ ಕೂಸು ತಿನ್ನುತ್ತದೆ, ನಿನ್ನ ಅವ್ವ ನಿನಗೂ ಹಾಗೇ ಮಾಡುತ್ತಿದ್ದಳು, ಎಂದು ಹೋಗುತ್ತ ಹೋಗುತ್ತ ಹೇಳಿದಳು.

ಮುಂದಿನ ಪುಡಿ ಬಂದ ದಿನ ಅವನು ತನ್ನ ಹೆಸರಿಗೆ ಒಂದು ಡಬ್ಬಿ ಬಿಲ್ ಮಾಡಿಸಿ ಇಟ್ಟ. ಸಾಲಿನಲ್ಲಿ ಅವಳಿರಲಿಲ್ಲ. ಅದರ ಮುಂದಿನ ದಿನವೂ ಇರಲಿಲ್ಲ. ಮನೆ ಎಲ್ಲೆಂದು ಕೇಳಿಕೊಂಡಿರಲಿಲ್ಲ. ಅವ್ವನಿಗೆ ಫೋನು ಮಾಡಿದರೆ ತಿಳಿಯುತ್ತಿತ್ತು, ಯಾಕೆಂದು ಅವ್ವ ಕೇಳುತ್ತಿದ್ದಳು. ಡಬ್ಬಿ ಅವನ ರೂಮಿನಲ್ಲಿ ಪುಸ್ತಕಗಳ ಮೇಲೆ ಕೂತಿತು. ಅದರ ಮೇಲಿನ ಕೂಸು ದಿನವಿಡೀ ನಗುತ್ತಿತ್ತು. ಅವಳು ಬಂದುಹೋದ ಹದಿಮೂರನೆಯ ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು, ದವಾಖಾನೆಗೆ ಬಾ ಎಂದು.

ದವಾಖಾನೆಯ ಹಿಂಬದಿಯಲ್ಲಿ, ಹಳದಿ ಪಟ್ಟಿಯ ಆಚೆ, ವಿಶಾಖಾ ನಿಂತಿದ್ದಳು. ಮೈತುಂಬ ಬಿಳಿಯ ಪ್ಲಾಸ್ಟಿಕ್ಕು, ಮುಖಕ್ಕೆ ಗಾಜು. ಊರಲ್ಲಿ ಅವನಿಗಿಂತ ನಾಲ್ಕು ತರಗತಿ ಕೆಳಗೆ ಓದಿದ ಹುಡುಗಿ. ಈಗ ದನಿಯಿಂದ ಮಾತ್ರ ಅವಳೆಂದು ತಿಳಿಯಬೇಕು. ಬೆಳಗಿನ ಜಾವ ನಾಲ್ಕಕ್ಕೆ ಆಯಿ ಹೋದಳು ಎಂದಳು. ವಿಶಾಖಾಳದೇ ವಾರ್ಡು, ಅವಳದೇ ಡ್ಯೂಟಿ. ಕಿಟ್ಟು ಹಾಕಿಕೊಂಡು ಪಟ್ಟಿ ದಾಟುವ ಹಾಗಿಲ್ಲ, ಕಾಗದ ಮುಟ್ಟುವ ಹಾಗಿಲ್ಲ. ಹೊರಗಿನಿಂದ ಯಾರಾದರೂ ಕಿಟಕಿಯಲ್ಲಿ ಅರ್ಜಿ ತುಂಬಿದರೆ ಹೆಣ ಬಿಡುತ್ತಾರೆ. ಊರಿನಿಂದ ಯಾರಿಗೂ ಬರಲು ಬಸ್ಸಿಲ್ಲ. ಪ್ಲಾಸ್ಟಿಕ್ಕಿನೊಳಗಿಂದ ಮಾತು ಕೇಳಿಸಲೆಂದು ಅವಳು ಕೂಗಿ ಹೇಳಬೇಕಾಗಿತ್ತು, ಕೂಗಿ ಅಳಬೇಕಾಗಿತ್ತು.

"ಆಯಿನ ನಿನ್ನ ಹೆಸರ ಹೇಳಿದ್ಳು ಅಣ್ಣಾ. ನಮ್ಮ ಗೌತ್ಯಾ ಬಾಗಿಲಾಗ ಅದಾನ, ಸಾಲಿಗಿ ಹಚ್ಚಲಾರದ ಒಳಗ ಕರ್ಕಂಡು ಪುಡಿ ಕೊಟ್ಟ ಕಳಿಸಿದ ಅಂದ್ಳು. ನಾಕ ಮಂದಿಗಿ ಹೇಳಿದ್ಳು."

ಗೌತಮ ಮಾಸ್ಕನ್ನು ಮೇಲಕ್ಕೆಳೆದುಕೊಂಡ.

"ನನ್ನಿಂದನ ಬಂತು ಆಕಿಗಿ," ಎಂದಳು ವಿಶಾಖಾ. "ಬಾಗಿಲಾಗ ನಿಂತು ಒಂದ ಸಲ ಬಟ್ಟಿ ಗಂಟು ಕೊಟ್ಟಿದ್ದೆ, ಒಗೀ ಅಂತ. ಆಕಿ ಮತ್ತೆಲ್ಲೂ ಹೊರಗ ಹೋಗಿಲ್ಲ. ನಿನ್ನ ಅಂಗಡಿಗೊಂದು ಬಂದಿದ್ಳು, ಅಲ್ಲಿ ನೀ ಸಾಲಾಗ ನಿಂದ್ರಸಲಿಲ್ಲ. ಮತ್ತ ನನ್ನಿಂದನ ಅಲ್ಲೇನು? ಹೇಳಣ್ಣಾ, ಮತ್ತೆಲ್ಲಿಂದ ಬರ್ತದ?"

ಇಬ್ಬರ ನಡುವೆ ಹತ್ತು ಹೆಜ್ಜೆ ಇತ್ತು. ಒಂದೇ ಮಾತು ಸಾಕಿತ್ತು. ಮೂರೂವರೆ ತಾಸು ನಿಂತಿದ್ದಳು, ಕೆಮ್ಮುವವರ ನಡುವೆ, ನಾನೇ ನಿಲ್ಲಿಸಿದೆ. ಅದನ್ನು ಹೇಳಿದರೆ ಈ ಹುಡುಗಿಯ ಎದೆಯ ಮೇಲಿನ ಅರ್ಧ ಕಲ್ಲಾದರೂ ಸರಿಯುತ್ತಿತ್ತು, ಅಷ್ಟೇ ತೂಕ ತನ್ನ ಮೇಲೆ ಬರುತ್ತಿತ್ತು. ಅದು ನಿಜವಾಗಿ ಯಾರಿಂದ ಬಂತೆಂದು ಯಾವ ಯಂತ್ರವೂ ಹೇಳುವುದಿಲ್ಲ. ಹೇಳದೆ ಇರುವುದಕ್ಕೆ ಇದೂ ಒಂದು ಕಾರಣವಾಗಿ ಅವನಿಗೆ ಒದಗಿತು. ಮುದುಕಿ ಸುಳ್ಳು ಹೇಳಿ ತನ್ನ ಮಾನ ಕಾಯ್ದಿದ್ದಳೋ, ಅವನ ಮಾನ ಕಾಯ್ದಿದ್ದಳೋ. ಬರೆದುಕೊಟ್ಟ ಸುಳ್ಳಿಗೆ ಪ್ರತಿಯಾಗಿ ಆಡಿ ತೀರಿಸಿದ ಸುಳ್ಳು. ಅದನ್ನೀಗ ಮುರಿಯುವುದು ಅವಳಿಗೆ ಮಾಡುವ ದ್ರೋಹವಲ್ಲವೇ ಎಂದು ಯೋಚಿಸಿದ. ಯೋಚನೆ ಚೆನ್ನಾಗಿತ್ತು. ಇದೂ ಒಂದು ವಾರ ಬಾಳಿಕೆ ಬರುತ್ತದೆ ಎಂದು ಅವನಿಗೆ ಆ ಕ್ಷಣದಲ್ಲೇ ಗೊತ್ತಿತ್ತು, ಗೊತ್ತಿದ್ದದ್ದರಿಂದ ಏನೂ ಬದಲಾಗಲಿಲ್ಲ. ಕೂಸು ಹೇಗಿದೆ ಎಂದು ಕೇಳಿದ. ಮಹಬೂಬಿಯ ಹತ್ತಿರ ಇದೆ, ಬಿಸ್ಕೀಟು ನೀರು ಕುಡಿದು ಹೊಟ್ಟೆ ಕೆಟ್ಟಿದೆಯಂತೆ, ಪುಡಿ ಅಷ್ಟು ಬೇಗ ಹ್ಯಾಗೆ ಮುಗಿಯಿತೋ, ಎಂದಳು. ಒಳಗಿನಿಂದ ಯಾರೋ ಕರೆದರು. ಅವಳು ಬಿಳಿಯ ಕೈ ಎತ್ತಿ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಜಿನ ಮೇಲೇ ಒಮ್ಮೆ ಒರೆಸಿಕೊಂಡು, ಹೋದಳು.

ಕಿಟಕಿಯಲ್ಲಿ ಗುಮಾಸ್ತ ಅರ್ಜಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡನ್ನೂ ಮುಂದೆ ತಳ್ಳಿದ. ಹೆಸರು, ಗಂಡನ ಹೆಸರು, ಊರು, ತಾಲೂಕು. ಹುಟ್ಟಿದ ದಿನಾಂಕದ ಕಡೆ ಬಂದು ಪೆನ್ನು ನಿಂತಿತು. ಆಕೆಗೆ ಎಪ್ಪತ್ಮೂರು ಆಗಿತ್ತು, ಕಾರ್ಡಿನಲ್ಲಿ ತಪ್ಪಿದೆ ಎಂದು ಗೌತಮ ಹೇಳಿದ. ಇಷ್ಟು ಹೇಳುವಷ್ಟರಲ್ಲಿ ಅವನ ಬೆನ್ನು ಬೆವರಿಂದ ತೊಯ್ದಿತ್ತು. ಗುಮಾಸ್ತ ದಣಿದ ಮನುಷ್ಯ, ಬೆಳಗಿನಿಂದ ಇಂಥವು ಎಷ್ಟೋ ನೋಡಿದ್ದ. ಬೇಕಾದರೆ ಎಪ್ಪತ್ಮೂರೇ ಬರಿ, ಕಾರ್ಡಿಗೆ ಹೊಂದದಿದ್ದರೆ ತಿದ್ದುಪಡಿಯ ಪತ್ರ ಬೇಕಾಗುತ್ತದೆ, ಅಲ್ಲಿಯ ತನಕ ಹೆಣ ಒಳಗೇ ಇರುತ್ತದೆ, ಎಂದ. ತಪ್ಪು ಯಾರದೆಂದು ಮಾತ್ರ ಕೇಳಲಿಲ್ಲ. ಹಿಂದೆ ಆರು ಮಂದಿ ನಿಂತಿದ್ದರು. ಒಬ್ಬ ಲಗೂ ಮಾಡಪಾ ಎಂದ.

ಅವನು ಬರೆದ. ಒಂದು, ಒಂದು, ಹತ್ತೊಂಬತ್ತು ನೂರಾ ಅರವತ್ತೇಳು. ಪಕ್ಕದಲ್ಲಿ ಐವತ್ನಾಲ್ಕು. ಅಕ್ಷರ ದುಂಡಗೆ, ಒಂದಕ್ಕೊಂದು ಸಮವಾಗಿ ಬಿದ್ದವು.

ಗುಮಾಸ್ತ ಅರ್ಜಿ ಎತ್ತಿಕೊಂಡು ಕಣ್ಣಾಡಿಸಿದ.

"ಐವತ್ನಾಕ," ಎಂದ, ತನ್ನಷ್ಟಕ್ಕೇ. "ಸಾಯೂ ವಯಸ್ಸಲ್ಲ ಬಿಡ್ರಿ, ಪಾಪ."

"ಹೌದ್ರಿ," ಎಂದ ಗೌತಮ.